ಬಾವುಟದ ಲೆಕ್ಕ

ಆಗಸ್ಟ್ ತಿಂಗಳು ಬಂತೆಂದರೆ ಮಕ್ಕಳಿರುವ ಮನೆಗಳಲ್ಲಿ ಸ್ಕೆಚ್ ಪೆನ್ನುಗಳ ಹುಡುಕಾಟ ಶುರುವಾಗುತ್ತದೆ. ಡ್ರಾಯಿಂಗ್ ಹಾಳೆಯ ಮೇಲೆ ಕೇಸರಿ, ಬಿಳಿ, ಹಸಿರು ಪಟ್ಟಿಗಳು ಮೂಡುತ್ತವೆ. ಅಲ್ಲಿಯವರೆಗೆ ಎಲ್ಲವೂ ಸುಸೂತ್ರ. ತೊಡಕು ಬರುವುದು ನಡುವಿನ ಚಕ್ರಕ್ಕೆ ಕೈ ಹಾಕಿದಾಗ. ಒಬ್ಬನ ಚಕ್ರಕ್ಕೆ 16 ಅರೆಗಳು, ಇನ್ನೊಬ್ಬಳದಕ್ಕೆ 20. ಅಪ್ಪ ಬಂದು ಸರಿಮಾಡಲು ಕುಳಿತರೆ 26 ಆಗುತ್ತದೆ!

ಇರಬೇಕಾದುದು 24. ಒಂದು ಅರೆಗೂ ಇನ್ನೊಂದಕ್ಕೂ ನಡುವೆ 15 ಡಿಗ್ರಿ ಕೋನ. ಇದನ್ನು ಕೋನಮಾಪಕವಿಲ್ಲದೆಯೂ ಸಾಧಿಸಬಹುದು. ಕೈವಾರದಿಂದ ವೃತ್ತ ಎಳೆದು, ಅದೇ ತ್ರಿಜ್ಯವನ್ನು ಇಟ್ಟುಕೊಂಡು, ವೃತ್ತದ ನೆತ್ತಿಯಿಂದ ಆರಂಭಿಸಿ ಪರಿಧಿಯ ಮೇಲೆ ಗುರುತು ಹಾಕುತ್ತ ಹೋದರೆ ಸರಿಯಾಗಿ ಆರು ಗುರುತುಗಳು ಬೀಳುತ್ತವೆ. ಅಂದರೆ 60 ಡಿಗ್ರಿಯ ಆರು ಭಾಗ. ಪ್ರತಿ ಭಾಗವನ್ನು ಅರ್ಧಿಸಿದರೆ 30, ಮತ್ತೆ ಅರ್ಧಿಸಿದರೆ 15. ಎಂಟನೆಯ ತರಗತಿಯ ರೇಖಾಗಣಿತಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗಲಾರದು.

ಧ್ವಜದ ಉದ್ದ ಮತ್ತು ಎತ್ತರದ ಪ್ರಮಾಣ 3:2. ಅತಿ ದೊಡ್ಡದು 6300 x 4200 ಮಿಲಿಮೀಟರ್, ಅತಿ ಚಿಕ್ಕದು ಮೇಜಿನ ಮೇಲಿಡುವ 150 x 100 ಮಿಲಿಮೀಟರ್. ಇವೆರಡೂ ಸೇರಿ ಒಟ್ಟು ಒಂಬತ್ತು ಅಳತೆಗಳು. 900 x 600ರ ಧ್ವಜದಲ್ಲಿ ಒಂದೊಂದು ಪಟ್ಟಿಯೂ 200 ಮಿ.ಮೀ., ಚಕ್ರದ ವ್ಯಾಸ 185 ಮಿ.ಮೀ. ಹೀಗಾಗಿ ಚಕ್ರ ಕೇಸರಿಯನ್ನೂ ಮುಟ್ಟುವುದಿಲ್ಲ, ಹಸಿರನ್ನೂ ಮುಟ್ಟುವುದಿಲ್ಲ. ಸಿಮೆಂಟು, ಕಬ್ಬಿಣ, ಪ್ರೆಷರ್ ಕುಕ್ಕರ್ ಎಲ್ಲಕ್ಕೂ ಐ.ಎಸ್. ಸಂಖ್ಯೆಯ ಮಾನಕಗಳಿವೆಯಷ್ಟೆ, ಆ ಪಟ್ಟಿಯಲ್ಲಿ ಒಂದನೆಯ ಸಂಖ್ಯೆ ರಾಷ್ಟ್ರಧ್ವಜದ್ದು. 1947ರ ಜುಲೈ 22ರಂದು ಸಂವಿಧಾನ ಸಭೆ ಈ ಧ್ವಜವನ್ನು ಅಂಗೀಕರಿಸಿತು. ಅದಕ್ಕೆ ಮುಂಚಿನ ಧ್ವಜದಲ್ಲಿ ಚರಕವಿತ್ತು. ಚರಕದ ಒಂದು ಮಗ್ಗುಲು ಇನ್ನೊಂದರಂತೆ ಇರುವುದಿಲ್ಲ. ಚಕ್ರವಾದರೆ ಯಾವ ಕಡೆಯಿಂದ ನೋಡಿದರೂ ಒಂದೇ.

ಸೇನೆಯ ಬಾವುಟಗಳ ಕಡೆಗೆ ಬರೋಣ. ಭೂಸೇನೆಯದು ಕೆಂಪು, ಅದರಲ್ಲಿ ಅಡ್ಡಡ್ಡ ಇಟ್ಟ ಎರಡು ಕತ್ತಿಗಳು ಮತ್ತು ಅಶೋಕನ ಸಿಂಹಗಳು. ವಾಯುಸೇನೆಯದು ಆಕಾಶನೀಲಿ, ಜೊತೆಗೆ ತ್ರಿವರ್ಣದ ವೃತ್ತ. ಎರಡರಲ್ಲೂ ಧ್ವಜಸ್ತಂಭದ ಕಡೆಯ ಮೇಲಿನ ಮೂಲೆಯಲ್ಲಿ ರಾಷ್ಟ್ರಧ್ವಜವಿರುತ್ತದೆ. ಪ್ರತಿ ಡಿಸೆಂಬರ್ 7ರ ಧ್ವಜ ದಿನದಂದು ಶಾಲೆಗಳಲ್ಲಿ ಕೊಡುವ ಪುಟ್ಟ ಚೀಟಿಯ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳು ಮೂರೂ ಸೇನೆಗಳನ್ನು ಸೂಚಿಸುತ್ತವೆ. ಚೀಟಿಗೆ ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆಂದು ಕೇಳಿದರೆ ಮಾತ್ರ ಬಹಳ ಮಕ್ಕಳಿಗೆ ಗೊತ್ತಿರುವುದಿಲ್ಲ. ಅದು ಮಾಜಿ ಸೈನಿಕರ ಮತ್ತು ಮಡಿದವರ ಕುಟುಂಬಗಳ ನೆರವಿಗೆ.

ಕಥೆಯಿರುವುದು ನೌಕಾಪಡೆಯ ಬಾವುಟದಲ್ಲಿ. 1950ರ ಜನವರಿ 26ರಂದು ಬ್ರಿಟಿಷರ ಯೂನಿಯನ್ ಜ್ಯಾಕ್ ಮೂಲೆಯಿಂದ ಹೋಗಿ ತ್ರಿವರ್ಣ ಬಂದಿತು. ಬಿಳಿಯ ಮೇಲಿದ್ದ ಸೇಂಟ್ ಜಾರ್ಜ್‌ನ ಕೆಂಪು ಶಿಲುಬೆ ಮಾತ್ರ ಹಾಗೆಯೇ ಉಳಿಯಿತು. ಅರ್ಧ ಶತಮಾನ ಕಳೆದ ಮೇಲೆ, 2001ರ ಆಗಸ್ಟ್ 15ರಂದು, ಅದನ್ನೂ ತೆಗೆದು ನೌಕಾಪಡೆಯ ನೀಲಿ ಲಾಂಛನವನ್ನು ಹಾಕಿದರು. ಸ್ವತಂತ್ರ ದೇಶಕ್ಕೆ ತಕ್ಕ ಕೆಲಸವೇ. ಆದರೆ ಸಮುದ್ರದಲ್ಲಿ ಒಂದು ಪೇಚು ಎದುರಾಯಿತು. ಮೇಲೆ ನೀಲಿ ಆಕಾಶ, ಕೆಳಗೆ ನೀಲಿ ನೀರು, ನಡುವೆ ನೀಲಿ ಲಾಂಛನ. ದೂರದಿಂದ ಗುರುತೇ ಸಿಗುತ್ತಿಲ್ಲವೆಂಬ ದೂರು ಬಂತು. 2004ರ ಏಪ್ರಿಲ್‌ನಲ್ಲಿ ಕೆಂಪು ಶಿಲುಬೆ ಹಿಂತಿರುಗಿತು, ನಡುವೆ ಅಶೋಕ ಲಾಂಛನದೊಂದಿಗೆ!

ಇಲ್ಲಿರುವುದು ಕಣ್ಣಿನ ಮಿತಿಯ ಪ್ರಶ್ನೆ. ಆರೋಗ್ಯವಂತ ಕಣ್ಣು ಸಾಮಾನ್ಯವಾಗಿ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗಕ್ಕಿಂತ ಸಣ್ಣ ಕೋನದಲ್ಲಿರುವ ವಿವರಗಳನ್ನು ಬೇರೆಬೇರೆಯಾಗಿ ಕಾಣಲಾರದು. ಒಂದು ಸೆಂಟಿಮೀಟರಿನಷ್ಟು ವಿವರ ಸುಮಾರು 34 ಮೀಟರ್ ದೂರದಲ್ಲಿ ಈ ಮಿತಿಯನ್ನು ತಲುಪುತ್ತದೆ. ಅದರಾಚೆ ನೀಲಿ ಗೆರೆಗಳು ಬಿಳಿಯೊಂದಿಗೆ ಬೆರೆತು ಮಸುಕಾಗುತ್ತವೆ. ಶಾಲೆಯ ಆಟದ ಬಯಲಿನಲ್ಲೇ ಇದನ್ನು ಪರೀಕ್ಷಿಸಬಹುದು. ಬಿಳಿ ಹಾಳೆಯೊಂದರ ಮೇಲೆ ತೆಳುವಾದ ನೀಲಿ ಗೆರೆಗಳ ಚಿತ್ರ, ಇನ್ನೊಂದರ ಮೇಲೆ ದಪ್ಪನೆಯ ಕೆಂಪು ಪಟ್ಟಿ ಬರೆದು ಗೋಡೆಗೆ ಅಂಟಿಸಿ, ಹಿಂದಕ್ಕೆ ಹೆಜ್ಜೆ ಎಣಿಸುತ್ತ ನಡೆದರಾಯಿತು. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ವಿಕ್ರಾಂತ್ ಹಡಗು ಸೇವೆಗೆ ಸೇರಿದ ದಿನ ಶಿಲುಬೆ ಮತ್ತೆ ಇಳಿಯಿತು. ಈಗಿನದು ಶಿವಾಜಿಯ ಮುದ್ರೆಯನ್ನು ನೆನಪಿಸುವ ಅಷ್ಟಭುಜಾಕೃತಿ, ಅದರೊಳಗೆ ಲಂಗರು. ಬಣ್ಣ ಪುನಃ ನೀಲಿಯೇ. ಆದರೆ ಈ ಸಲ ಕಡುನೀಲಿ, ಒಳಗೆಲ್ಲ ತುಂಬಿದ ನೀಲಿ, ಸುತ್ತ ಚಿನ್ನದ ಅಂಚು.

ಇನ್ನು ರಾಜ್ಯಗಳ ವಿಷಯ. ರಾಜ್ಯಕ್ಕೆ ಧ್ವಜ ಬೇಕೆಂದು ಸಂವಿಧಾನ ಹೇಳಿಲ್ಲ, ಬೇಡವೆಂದೂ ಹೇಳಿಲ್ಲ. ಜಮ್ಮು ಮತ್ತು ಕಾಶ್ಮೀರಕ್ಕೆ ನೇಗಿಲಿನ ಚಿತ್ರವಿದ್ದ ಕೆಂಪು ಧ್ವಜವಿತ್ತು. 2019ರಲ್ಲಿ ಅದು ಕೊನೆಗೊಂಡಿತು. ನಮ್ಮ ಅರಿಶಿನ-ಕುಂಕುಮದ ಬಾವುಟ 1960ರ ದಶಕದಲ್ಲಿ ಮ. ರಾಮಮೂರ್ತಿಯವರು ಕನ್ನಡ ಚಳವಳಿಗಾಗಿ ರೂಪಿಸಿದ್ದು. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ನಡುವೆ ಬಿಳಿ ಪಟ್ಟಿ, ಅದರಲ್ಲಿ ಗಂಡಭೇರುಂಡ ಇರುವ ಹೊಸ ವಿನ್ಯಾಸವನ್ನು ಒಪ್ಪಿಗೆಗಾಗಿ ಕೇಂದ್ರಕ್ಕೆ ಕಳುಹಿಸಿತು. ಜನ ಮಾತ್ರ ನವೆಂಬರ್ ಒಂದರಂದು ಏರಿಸುವುದು ಹಳೆಯ ಎರಡು ಬಣ್ಣದ ಬಾವುಟವನ್ನೇ.

ರಾಷ್ಟ್ರಧ್ವಜದಲ್ಲಿ ಕರ್ನಾಟಕದ ಪಾಲು ಬೇರೆಯೇ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಮಾನಕ ಬ್ಯೂರೋದ ಪರವಾನಗಿ ಪಡೆದು ಖಾದಿ ಧ್ವಜ ತಯಾರಿಸುತ್ತದೆ. ಬಾಗಲಕೋಟೆಯ ಕಡೆ ನೂತು ನೇಯ್ದ ಬಟ್ಟೆಗೆ ಬೆಂಗೇರಿಯಲ್ಲಿ ಬಣ್ಣ, ಚಕ್ರದ ಅಚ್ಚು, ಹೊಲಿಗೆ. ಚಕ್ರ ಎರಡೂ ಬದಿಯಲ್ಲಿ ಒಂದರ ಮೇಲೊಂದು ಕೂದಲೆಳೆಯಷ್ಟೂ ತಪ್ಪದೆ ಬೀಳಬೇಕು. ನೂಲುವವರಲ್ಲಿ, ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಿತು. ಮರುವರ್ಷದ ಆಗಸ್ಟ್‌ನಲ್ಲಿ ಮನೆಮನೆಯ ಮೇಲೂ ಧ್ವಜ ಹಾರಿತು, ಬೆಂಗೇರಿಯಲ್ಲಿ ಬೇಡಿಕೆ ಕುಸಿಯಿತು. ಬಡವನ ಮನೆಗೂ ಧ್ವಜ ಅಗ್ಗದಲ್ಲಿ ಬಂತೆಂಬುದು ನಿಜ. ಚರಕದಿಂದ ಹುಟ್ಟಿದ ಬಾವುಟದ ಹಬ್ಬದಲ್ಲಿ ಚರಕದವರ ಕೈಗೇ ಕೆಲಸ ಇಲ್ಲವಾದದ್ದೂ ಅಷ್ಟೇ ನಿಜ.

ಇದರಲ್ಲಿ ರಸಾಯನಶಾಸ್ತ್ರವೂ ಇದೆ. ಹರಿದ, ಮಾಸಿದ ಧ್ವಜವನ್ನು ಖಾಸಗಿಯಾಗಿ, ಆದಷ್ಟೂ ಸುಟ್ಟು, ಗೌರವದಿಂದ ವಿಲೇವಾರಿ ಮಾಡಬೇಕೆಂದು ಸಂಹಿತೆ ಹೇಳುತ್ತದೆ. ಹತ್ತಿಯ ನೂಲು ಕಾಗದದಂತೆ ಉರಿದು ಹಗುರವಾದ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಹಾಗಲ್ಲ, ಕರಗಿ, ಕಪ್ಪು ಹೊಗೆ ಬಿಟ್ಟು, ಗಟ್ಟಿ ಮಣಿಯಾಗಿ ಉಳಿಯುತ್ತದೆ. ಅನುಮಾನವಿದ್ದವರು ಹಿರಿಯರನ್ನು ಪಕ್ಕದಲ್ಲಿಟ್ಟುಕೊಂಡು, ಇಕ್ಕುಳದಲ್ಲಿ ಹಿಡಿದ ಒಂದೊಂದು ಎಳೆಯನ್ನು ದೀಪಕ್ಕೆ ಒಡ್ಡಿ ನೋಡಬಹುದು. ಎಳೆ ಹಳೆಯ ಪಂಚೆಯದೋ ಅಂಗಿಯದೋ ಇರಲಿ, ಬಾವುಟದ್ದು ಬೇಡ.