ಕುಣಿತದಿಂದ ಮಾತಿನೆಡೆಗೆ

ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಆದಿವಾಸಿಗಳು ಕುಣಿಯುತ್ತಾರೆ; ಮಾತನಾಡುವುದಿಲ್ಲ. ‘ವಿವಿಧತೆಯಲ್ಲಿ ಏಕತೆ’ಗೆ ಬಣ್ಣ ತುಂಬುವುದಷ್ಟೇ ಅವರ ಪಾತ್ರವೆಂಬುದನ್ನು ನಾವೂ ಪ್ರಶ್ನಿಸದೆ ಒಪ್ಪಿಕೊಂಡಿದ್ದೇವೆ. ರಾಷ್ಟ್ರದ ಅಸ್ಮಿತೆಯನ್ನು ರೂಪಿಸುವಲ್ಲಿ ರಂಗಭೂಮಿಗೂ ಪಾಲಿದೆಯೆನ್ನುವವರು, ಆ ರಂಗದ ಮೇಲೆ ಮಾತು ಯಾರದು ಎಂಬ ಪ್ರಶ್ನೆಯನ್ನು ಎದುರಿಸಲೇಬೇಕು.

ಅಹಮದಾಬಾದಿನ ಛಾರಾನಗರ ಇದಕ್ಕೆ ತನ್ನದೇ ಉತ್ತರವನ್ನಿತ್ತಿದೆ. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಛಾರಾಗಳಂತಹ ಸಮುದಾಯಗಳಿಗೆ ಹುಟ್ಟುಗಳ್ಳರೆಂಬ ಹಣೆಪಟ್ಟಿ ಕಟ್ಟಿತ್ತು. ದೇಶಕ್ಕೆ 1947ರಲ್ಲಿ ಬಂದ ಬಿಡುಗಡೆ ಇವರಿಗೆ 1952ರಲ್ಲಿ ಬಂದಿತು. ಕಳಂಕ ಮಾತ್ರ ಉಳಿಯಿತು. 1998ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯಲ್ಲಿ, ಇಂತಹುದೇ ಕಳಂಕ ಹೊತ್ತ ಸಬರ ಸಮುದಾಯದ ಬುಧನ್ ಸಬರ್ ಬಂಧನದಲ್ಲಿದ್ದಾಗ ಸತ್ತ. ಅವನನ್ನು ಎಂದೂ ಕಾಣದ ಛಾರಾ ತರುಣರು ಆ ಸಾವಿನಲ್ಲಿ ತಮ್ಮ ಬದುಕನ್ನೇ ಕಂಡರು. ಮಹಾಶ್ವೇತಾದೇವಿ ಮತ್ತು ಗಣೇಶ ದೇವಿಯವರ ಒತ್ತಾಸೆಯಿಂದ ಅದೇ ವರ್ಷ ‘ಬುಧನ್’ ನಾಟಕವಾಗಿ, ಬುಧನ್ ಥಿಯೇಟರ್ ಹುಟ್ಟಿತು.

ಗುಜರಾತಿನ ಬೀದಿಯಲ್ಲಿ ಬಂಗಾಳದ ಸಬರನ ನೋವು! ಈ ಎರಡು ಸಮುದಾಯಗಳನ್ನು ಬೆಸೆದದ್ದು ಭಾಷೆಯಲ್ಲ, ಹಬ್ಬವಲ್ಲ. ಒಂದೇ ಅನ್ಯಾಯದ ಅರಿವು. ರಾಷ್ಟ್ರೀಯ ಭಾವೈಕ್ಯಕ್ಕೆ ಇದಕ್ಕಿಂತ ಗಟ್ಟಿಯಾದ ತಳಹದಿ ಬೇರೆ ಬೇಕೆ?

ಕನ್ನಡ ರಂಗಭೂಮಿಗೂ ಈ ಹಾದಿ ಅಪರಿಚಿತವಲ್ಲ. ಉತ್ತರ ಕನ್ನಡದ ಸಿದ್ದಿ ಸಮುದಾಯದವರು ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಚಿನುವಾ ಅಚಿಬೆಯ ಕಾದಂಬರಿಯ ರಂಗರೂಪವನ್ನು ಅಭಿನಯಿಸಿದರು. ಸರ್ಕಾರ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆಯಿತ್ತದ್ದು 2003ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ರಂಗ ಅವರನ್ನು ಕಂಡಿತ್ತು.

ಆದಿವಾಸಿಯ ಪಾತ್ರವನ್ನು ಆದಿವಾಸಿಯೇ ವಹಿಸಬೇಕೆಂಬ ಹಟ ನಮ್ಮದಲ್ಲ. ನಟನೆಯೆಂದರೆ ಪರಕಾಯಪ್ರವೇಶ. ಆದರೆ ಆ ಪ್ರವೇಶದ ಹಕ್ಕು ಒಮ್ಮುಖವಾಗಬಾರದು. ನಮ್ಮ ನಟ ಸಬರನಾಗಬಹುದಾದರೆ ಛಾರಾ ತರುಣ ಹ್ಯಾಮ್ಲೆಟ್ ಆಗಲಾರನೇಕೆ?

ಹೊರನಾಡಿನಲ್ಲಿರುವ ನಮಗೆ ಇದು ದೂರದ ಮಾತಲ್ಲ. ಹಿಂದಿ ಚಿತ್ರಗಳು ದಕ್ಷಿಣದವರೆಲ್ಲರನ್ನೂ ‘ಮದ್ರಾಸಿ’ ಎಂಬ ಒಂದೇ ವೇಷದಲ್ಲಿ ನಗೆಗೀಡುಮಾಡಿದಾಗ ನೊಂದುಕೊಂಡವರು ನಾವು. ಅನ್ಯರು ತೊಡಿಸಿದ ವೇಷದ ಉರಿ ಬಲ್ಲ ನಾವೇ, ರಾಜ್ಯೋತ್ಸವದ ವೇದಿಕೆಯಲ್ಲಿ ಸಿದ್ದಿಯರ ಡಮಾಮಿ ಕುಣಿತಕ್ಕೆ ಹತ್ತು ನಿಮಿಷವಿತ್ತು ಶಾಲು ಹೊದಿಸಿ ಕಳುಹಿಸಿದರೆ ಸಾಕೆ? ಕುಣಿತ ಬೇಡವೆಂದಲ್ಲ. ಹತ್ತು ನಿಮಿಷದ ಬದಲು ಒಂದು ಇಡೀ ಸಂಜೆಯನ್ನು ಅವರ ನಾಟಕಕ್ಕೆ ಬಿಟ್ಟುಕೊಡೋಣ. ಅವರ ಮಾತು ಮುಗಿಯುವವರೆಗೆ ಕುಳಿತು ಕೇಳುವುದೂ ರಾಷ್ಟ್ರ ಕಟ್ಟುವ ಕೆಲಸವೇ.