ತ್ಯಾಗವೆಂಬ ಶಬ್ದದ ಬೆಲೆ

ತ್ಯಾಗ, ಆಹುತಿ, ಹುತಾತ್ಮ—ಈ ಶಬ್ದಗಳು ಯಜ್ಞಶಾಲೆಯಿಂದ ರಾಜಕಾರಣದ ವೇದಿಕೆಗೆ ಬಂದವು. ಹುತವೆಂದರೆ ಅಗ್ನಿಗೆ ಅರ್ಪಿತವಾದುದು. ಹವಿಸ್ಸನ್ನು ಅರ್ಪಿಸುವಾಗ ಯಜಮಾನನು ‘ಇದು ನನ್ನದಲ್ಲ’ವೆಂದು ಹಕ್ಕು ಬಿಡುವನು, ಶಾಸ್ತ್ರದಲ್ಲಿ ತ್ಯಾಗವೆಂದರೆ ಇದೇ. ತನ್ನದಲ್ಲದುದನ್ನು ದಾನಮಾಡಲು ಯಾರಿಗೂ ಅಧಿಕಾರವಿಲ್ಲ. ಕೊಟ್ಟುದಕ್ಕೆ ಬೆಲೆ ಕೇಳಿದರೆ ಅದು ವ್ಯಾಪಾರ.

1930ರ ದಶಕದ ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ದಾಪುರಗಳ ರೈತರು ಪಣಕ್ಕೊಡ್ಡಿದುದು ಸ್ವಂತ ಭೂಮಿಯನ್ನು. 1943ರಲ್ಲಿ ಹೊಸರಿತ್ತಿಯಲ್ಲಿ ಪೋಲೀಸರ ಗುಂಡಿಗೆ ಮೈಲಾರ ಮಹಾದೇವರು ಒಡ್ಡಿದುದು ತಮ್ಮ ಎದೆಯನ್ನು. ಆ ಶಬ್ದಗಳು ಅಂಥವರಿಗೆ ಒಪ್ಪುತ್ತವೆ. ಪರರ ಮಕ್ಕಳ ಪ್ರಾಣವನ್ನು ಬೇಡಿ, ತಾವು ಹಾರವನ್ನೂ ಪದವಿಯನ್ನೂ ಪಡೆಯುವ ಭಾಷಣಕಾರರಿಗೆ ಅವು ಸಲ್ಲವೆಂದು ನಾವು ಸಾರಿ ಹೇಳುತ್ತೇವೆ.

ಕನ್ನಡಿಗರೇ, ವೇದಿಕೆಯಿಂದ ‘ಬಲಿದಾನ’ದ ಕರೆ ಬಂದಾಗ ಕೇಳಿರಿ: ಯಾರ ಬಲಿ? ಯಾರ ದಾನ?