ಗರ್ಭಿಣಿಯೂ ಹಸುಗೂಸೂ ವಿಮಾನವನ್ನೇರುವಾಗ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಸಂಸಾರಗಳಲ್ಲಿ ಶಿವಮೊಗ್ಗೆಯಿಂದಲೋ ಹುಬ್ಬಳ್ಳಿಯಿಂದಲೋ ಸೊಸೆಯನ್ನು ತಂದವರು ಅನೇಕರುಂಟು. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆದೊಯ್ಯುವುದು ನಮ್ಮಲ್ಲಿ ಅನೂಚಾನವಾಗಿ ಬಂದ ಪದ್ಧತಿ. ಹಿಂದೆ ಎತ್ತಿನ ಗಾಡಿಯಿತ್ತು. ಬಳಿಕ ರೈಲೂ ಬಸ್ಸೂ ಬಂದವು. ಈಗ ವಿಮಾನವೂ ಸೇರಿದೆ. ಶಿವಮೊಗ್ಗೆಗೆ 2023ನೆಯ ಇಸವಿ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲು ಪ್ರಯಾಣಿಕರನ್ನು ಕರೆತಂದದ್ದು ಎ.ಟಿ.ಆರ್. ಎಂಬ, ಪಂಖಗಳಿಂದ ಹಾರುವ ಸಣ್ಣ ವಿಮಾನ. ಈ ವಿಷಯದಲ್ಲಿ ಹಿರಿಯರಿಗೆ ಭಯ ಹೆಚ್ಚು, ಕಿರಿಯರಿಗೆ ಧೈರ್ಯ ಹೆಚ್ಚು. ಎರಡಕ್ಕೂ ಆಧಾರವೆಷ್ಟೆಂಬುದನ್ನು ವಿಚಾರಿಸುವುದು ಗೃಹಸ್ಥರ ಕರ್ತವ್ಯ.

ಸುಶ್ರುತನು ಗರ್ಭಿಣಿಯನ್ನು ದೌಹೃದಿನಿ, ಎಂದರೆ ಎರಡು ಹೃದಯಗಳುಳ್ಳವಳು, ಎಂದು ಕರೆದನು. ಚರಕನು ಆಕೆಗೆ ಅತಿಯಾಗಿ ಕುಲುಕುವ ವಾಹನ ಸಲ್ಲದೆಂದನು. ವಾಹನಕ್ಕಿಂತ ಕುಲುಕಾಟವೇ ಆತನ ಆಕ್ಷೇಪಕ್ಕೆ ಗುರಿ. ಎ.ಟಿ.ಆರ್. ವಿಮಾನವು ದೊಡ್ಡ ವಿಮಾನಗಳಿಗಿಂತ ಕೆಳಗೆ ಹಾರುವುದರಿಂದ ಮಳೆಗಾಲದ ಮೋಡಗಳಲ್ಲಿ ಅಲುಗಾಟ ಉಂಟು. ಆದಕಾರಣ ಕುಳಿತಿರುವಷ್ಟು ಹೊತ್ತೂ ಪಟ್ಟಿಯನ್ನು ಹೊಟ್ಟೆಯ ಮೇಲಲ್ಲ, ಕೆಳಗೆ, ಸೊಂಟದ ಎಲುಬಿಗೆ ತಗಲುವಂತೆ ಬಿಗಿದುಕೊಳ್ಳತಕ್ಕದ್ದು.

ಇನ್ನು ಗಾಳಿಯ ವಿಚಾರ. ವಿಮಾನ ಎಷ್ಟೇ ಮೇಲೇರಲಿ, ಒಳಗಿನ ಗಾಳಿಯನ್ನು ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದ ಗಾಳಿಯಷ್ಟು ತೆಳುವಾಗಿಡುತ್ತಾರೆ. ಊಟಿಯೇ 7,300 ಅಡಿಗಳ ಮೇಲಿದೆ. ಗರ್ಭಸ್ಥ ಶಿಶುವಿನ ರಕ್ತಕ್ಕೆ ಪ್ರಾಣವಾಯುವನ್ನು ಹಿಡಿದುಕೊಳ್ಳುವ ಶಕ್ತಿ ತಾಯಿಯ ರಕ್ತಕ್ಕಿಂತ ಅಧಿಕ. ಆರೋಗ್ಯವಂತಳಾದ ತಾಯಿಗೆ ಇದರಿಂದ ಬಾಧೆಯಿಲ್ಲ. ಆದರೆ ತೀವ್ರ ರಕ್ತಹೀನತೆ, ರಕ್ತಸ್ರಾವ, ಅವಧಿಗೆ ಮುನ್ನ ಹೆರಿಗೆಯಾಗುವ ಶಂಕೆ ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಅಪ್ಪಣೆಯಿಲ್ಲದೆ ಹೊರಡಲಾಗದು. ಜಕ್ಕೂರಿನ ವಿಮಾನ ಶಾಲೆಯಲ್ಲಿ ಕಾಣುವಂಥ ಎರಡು ನಾಲ್ಕು ಆಸನಗಳ ಪುಟ್ಟ ವಿಮಾನಗಳಲ್ಲಿ ಒಳಗಿನ ಗಾಳಿಯನ್ನು ಹೀಗೆ ಕಾಪಾಡುವ ಏರ್ಪಾಡಿಲ್ಲ. ವಿನೋದಕ್ಕಾಗಿ ಗರ್ಭಿಣಿಯು ಅವುಗಳನ್ನೇರದಿರುವುದೇ ಲೇಸು.

ನಮ್ಮವರು ಎಡವುವುದು ಹೆಚ್ಚಾಗಿ ಕಾಲಗಣನೆಯಲ್ಲಿ. ನಾವು ಪಂಚಾಂಗದ ತಿಂಗಳನ್ನು ಎಣಿಸುತ್ತೇವೆ. ವಿಮಾನದವರು ವಾರಗಳನ್ನು ಎಣಿಸುತ್ತಾರೆ, ಅದೂ ಕಡೆಯ ಮುಟ್ಟಿನ ಮೊದಲ ದಿನದಿಂದ. ಸಾಮಾನ್ಯವಾಗಿ 32 ವಾರ ಕಳೆದ ಮೇಲೆ ವೈದ್ಯರ ಪತ್ರ ಬೇಕು. 36 ಕಳೆದರೆ ಹತ್ತಿಸುವುದಿಲ್ಲ. ಅವಳಿಯಾದರೆ 32ಕ್ಕೇ ನಿಲ್ಲಿಸುವುದು ಕ್ಷೇಮ. ಎಂಟು ಚಾಂದ್ರಮಾಸ ತುಂಬಿದಾಗ ಸುಮಾರು 34 ವಾರ. ಒಂಬತ್ತನೆಯ ತಿಂಗಳ ನಡುವಿಗೆ 36. ಒಂಬತ್ತರಲ್ಲಿ ಸೀಮಂತವಿಟ್ಟುಕೊಂಡು ಮರುವಾರ ವಿಮಾನವೆಂದು ನಿಶ್ಚಯಿಸಿದವರು ನಿಲ್ದಾಣದಿಂದ ಹಿಂದಿರುಗಬೇಕಾದೀತು. ಮುಹೂರ್ತವನ್ನು ಗೊತ್ತುಮಾಡುವಾಗಲೇ ವಾರಗಳನ್ನೂ ಎಣಿಸಿ, ಟಿಕೀಟು ಕೊಳ್ಳುವ ಮುನ್ನ ಆ ಸಂಸ್ಥೆಯ ನಿಯಮವನ್ನು ಕೇಳಿಕೊಳ್ಳಿರಿ. ತಾಯಿ ಕಾರ್ಡು ಪೆಟ್ಟಿಗೆಯೊಳಗಲ್ಲ, ಕೈಚೀಲದಲ್ಲಿರಲಿ.

ಬಾಣಂತನ ಮುಗಿಸಿ ಮಗುವಿನೊಡನೆ ಮರಳುವಾಗ ಬೇರೆ ಎಚ್ಚರಗಳು. ಹುಟ್ಟಿ ಎರಡು ದಿನವಾಗದ ಶಿಶುವಿಗೆ ವಿಮಾನ ಸಲ್ಲದು. ಏಳು ದಿನವಾದರೂ ಕಳೆಯಲಿ. ಎರಡು ವರ್ಷ ತುಂಬುವವರೆಗೆ ಮಗು ಮಡಿಲಲ್ಲಿ ಕೂರಬಹುದು. ವಯಸ್ಸಿಗೆ ಜನನಪತ್ರ ಆಧಾರ. ವಿಮಾನ ಇಳಿಯುವಾಗ ಗಾಳಿಯ ಒತ್ತಡ ಬದಲಾಗಿ ಕೂಸಿನ ಕಿವಿ ನೋಯುತ್ತದೆ. ಅಜ್ಜಿಯರು ಕಿವಿಗಿಡುವ ಹತ್ತಿಯಿಂದ ಪಂಖದ ಸದ್ದು ತುಸು ತಗ್ಗೀತು, ಒತ್ತಡ ತಗ್ಗದು. ಮಗು ಹೀರಿ ನುಂಗಿದರೆ ಕಿವಿಯ ಒಳನಾಳ ತೆರೆದು ನೋವು ಕಡಮೆಯಾಗುತ್ತದೆ; ಆದ್ದರಿಂದ ಏರುವಾಗಲೂ ವಿಶೇಷವಾಗಿ ಇಳಿಯುವಾಗಲೂ ಮೊಲೆಯೂಡಿಸುವುದೇ ಉತ್ತಮೋಪಾಯ. ನೆಗಡಿಯಿಂದ ಮೂಗು ಕಟ್ಟಿದ್ದರೆ ಪ್ರಯಾಣವನ್ನು ಮುಂದೂಡಿರಿ.

ಕಡೆಯದಾಗಿ, ಹಾರುವ ಹೊತ್ತು ಸುಮಾರು ಒಂದು ಗಂಟೆಯೆಂದು ಮರುಳಾಗಬಾರದು. ನಮ್ಮ ಈ ಭಾಗದಿಂದ ದೇವನಹಳ್ಳಿಯ ಬಳಿಯ ನಿಲ್ದಾಣಕ್ಕೆ ರಸ್ತೆಯೇ ಸುಮಾರು 40 ಕಿಲೋಮೀಟರು. ಮೇಲೆ ಕಾಯುವ ಹೊತ್ತು. ಗರ್ಭಿಣಿಯರಿಗೂ ಬಾಣಂತಿಯರಿಗೂ ಬಹುಕಾಲ ಕಾಲು ಇಳಿಬಿಟ್ಟು ಕುಳಿತರೆ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇತರರಿಗಿಂತ ಹೆಚ್ಚು; ನೀರು ಕುಡಿಯುತ್ತ, ಆಗಾಗ ನಾಲ್ಕು ಹೆಜ್ಜೆ ಓಡಾಡುತ್ತಿರಬೇಕು. ರಾಜಾಜಿನಗರದವರಿಗೆ ಯಶವಂತಪುರದ ರೈಲುನಿಲ್ದಾಣ ಸಮೀಪ. ರೈಲಿನಲ್ಲಿ ಮಲಗಲೂ ಓಡಾಡಲೂ ಎಡೆಯುಂಟು. ಹುಡುಗಿಯ ದೇಹಸ್ಥಿತಿಯನ್ನು ನೋಡಿ, ವೈದ್ಯರನ್ನು ಕೇಳಿ, ಆಕೆಯ ಮನಸ್ಸನ್ನೂ ತಿಳಿದು ವಾಹನವನ್ನು ಆರಿಸುವವರೇ ವಿವೇಕಿಗಳು.